ಹಸಿ ಕಾಂಕ್ರೀಟಿನ ಎರಡು ಗಂಟೆ

ಗುದ್ದಲಿಪೂಜೆಗೆ ಪಂಚಾಂಗ ನೋಡಿಸಿ, ರಾಹುಕಾಲವನ್ನು ಕಳೆದು, ಘಳಿಗೆ ವಿಘಳಿಗೆಗಳನ್ನು ಎಣಿಸುವ ನಾವು, ನಮ್ಮ ತಲೆಯ ಮೇಲೆ ಐವತ್ತು ವರ್ಷ ನಿಲ್ಲಬೇಕಾದ ತಾರಸಿಯ ಕಾಂಕ್ರೀಟು ಯಾವ ಘಳಿಗೆಯಲ್ಲಿ ಹುಟ್ಟಿತೆಂದು ಮಾತ್ರ ವಿಚಾರಿಸುವುದಿಲ್ಲ. ಹಿಂದೆ ವಿಚಾರಿಸುವ ಅಗತ್ಯವೂ ಇರಲಿಲ್ಲ. ಮಿಕ್ಸರು ನಿವೇಶನದ ಮುಂದೆಯೇ ಗಡಗಡಿಸುತ್ತಿತ್ತು. ಬಾಣಲಿ ಕೈಯಿಂದ ಕೈಗೆ ಹಾಯುತ್ತಿತ್ತು. ಜಲ್ಲಿಯ ಸದ್ದೂ ಮೇಸ್ತ್ರಿಯ ಬೈಗುಳವೂ ಒಟ್ಟಿಗೇ ಯಜಮಾನನ ಕಿವಿಗೆ ಬೀಳುತ್ತಿದ್ದವು. ಈಗ ಕಾಂಕ್ರೀಟು ಬೇರೆಲ್ಲೋ ಹುಟ್ಟಿ, ಲಾರಿಯೇರಿ ಬರುತ್ತದೆ.

ಯಲಹಂಕದ ನಿವಾಸಿಯಾದ ನನಗೆ ಆ ಹುಟ್ಟನ್ನು ಹತ್ತಿರದಿಂದ ನೋಡುವ ಅವಕಾಶ ಒದಗಿತ್ತು. ಎತ್ತರದ ಉಕ್ಕಿನ ಕಾಲುಗಳ ಮೇಲೆ ಮಿಕ್ಸರು ನಿಂತಿರುತ್ತದೆ. ಜಲ್ಲಿ, ಕಲ್ಲುಪುಡಿಯ ಮರಳು, ಸಿಮೆಂಟು, ನೀರು, ಎಲ್ಲವೂ ತೂಕವಾಗಿ ಅದರ ಹೊಟ್ಟೆಗೆ ಬೀಳುತ್ತವೆ. ಎರಡು ದಂಡಗಳು ಅವನ್ನು ಅರೆನಿಮಿಷದಷ್ಟು ಕಾಲ ಕಲಸುತ್ತವೆ. ಅಷ್ಟರಲ್ಲಿ ಲಾರಿ ಹಿಂದಕ್ಕೆ ಸರಿದು, ತನ್ನ ಬಾಯನ್ನು ಮಿಕ್ಸರಿನ ಬಾಯಿಯ ಕೆಳಗೆ ನೇರವಾಗಿ ಹಿಡಿಯಬೇಕು. ಒಂದು ಗೇಣು ಆಚೀಚೆಯಾದರೂ ಬೂದುಬಣ್ಣದ ಅಂಬಲಿ ಚಕ್ರದ ಮೇಲೆ ಸುರಿಯುತ್ತದೆ. ತುಂಬುವಾಗ ಲಾರಿಯ ಡ್ರಮ್ಮು ರಭಸದಿಂದ ತಿರುಗುತ್ತದೆ. ಒಳಗಿನ ಸುರುಳಿ ಅಲಗುಗಳು ಬಿದ್ದದ್ದನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಇಳಿಸುವಾಗ ಅದೇ ಡ್ರಮ್ಮನ್ನು ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಅದೇ ಅಲಗುಗಳು ಹೊರಕ್ಕೆ ತಳ್ಳುತ್ತವೆ. ಇಷ್ಟು ಸರಳವಾದ ಉಪಾಯವನ್ನು ಕಂಡುಹಿಡಿದವನ ಬುದ್ಧಿಗೆ ನಾನು ತಲೆದೂಗಿದೆ.

ಆರು ಘನಮೀಟರು ತುಂಬಿದರೆ ಸುಮಾರು 14 ಟನ್ನು. ಮಿಕ್ಸರಿನ ಬಾಯಿ ಹಲವು ಬಾರಿ ತೆರೆದು ಮುಚ್ಚಿದ ಮೇಲೆ ಲಾರಿಯ ಹೊಟ್ಟೆ ತುಂಬುತ್ತದೆ. ಚಾಲಕನ ಕೈಗೆ ಒಂದು ಚೀಟಿ ಬರುತ್ತದೆ. ಲಾರಿಗೆ ತುಂಬಿದ ಎರಡು ಗಂಟೆಯೊಳಗೆ ಕಾಂಕ್ರೀಟನ್ನು ಇಳಿಸತಕ್ಕದ್ದೆಂದು 2003ರ ಭಾರತೀಯ ಮಾನಕ 4926 ವಿಧಿಸುತ್ತದೆ. ಸಿಮೆಂಟಿಗೆ ನೀರು ತಾಗಿದೊಡನೆಯೇ ಅದು ಕಲ್ಲಾಗುವ ಹಾದಿ ಹಿಡಿಯುತ್ತದೆ. ಡ್ರಮ್ಮು ತಿರುಗಿದಷ್ಟು ಹೊತ್ತು ಅದನ್ನು ಮುದ್ದೆಯಾಗಿ ಇಡಬಹುದು, ನಿಲ್ಲಿಸಲಾಗದು. ನಮ್ಮ ಹಿರಿಯರ ಸುಣ್ಣದ ಗಾರೆಗೆ ಈ ಅವಸರವಿರಲಿಲ್ಲ. ಎತ್ತು ಗಾಣ ಸುತ್ತಿ ಅರೆಯುತ್ತಿತ್ತು. ಅರೆದಷ್ಟೂ ಗಾರೆ ಹದವಾಗುತ್ತಿತ್ತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆ ಸಿಮೆಂಟಿಲ್ಲದೆ, ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಿಂದ ಎದ್ದಿತು. ಇಂದಿಗೂ ಕಾವೇರಿಯನ್ನು ಹಿಡಿದು ನಿಂತಿದೆ. ಗಾರೆಯ ಕಾಲಕ್ಕೆ ಮರಳೋಣವೆಂದು ನಾನು ಹೇಳುತ್ತಿಲ್ಲ. ಅವಸರದ ವಸ್ತುವನ್ನು ಆರಿಸಿಕೊಂಡ ಮೇಲೆ ಅದರ ಅವಸರಕ್ಕೆ ದಾರಿ ಬಿಡಬೇಕಷ್ಟೆ.

ದಾರಿ ಎಲ್ಲಿದೆ? ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ತೆರೆದಂದಿನಿಂದ ಬಳ್ಳಾರಿ ರಸ್ತೆಯ ಇಕ್ಕೆಲಗಳಲ್ಲೂ ಊರು ಬೆಳೆದಿದೆ. ಆ ಬೆಳೆಗೆಲ್ಲ ಕಾಂಕ್ರೀಟೇ ಆಹಾರ. ಆ ಕಾಂಕ್ರೀಟು ಸಾಗಬೇಕಾದ ರಸ್ತೆಯನ್ನು ತುಂಬಿರುವುದೂ ಅದೇ ಬೆಳೆ. ಯಲಹಂಕದ ಕಡೆಯಿಂದ ರವೀಂದ್ರನಾಥ ಟಾಗೋರ್ ನಗರಕ್ಕೆ ಹೊರಟ ಲಾರಿ ಸಾಮಾನ್ಯವಾಗಿ ಹೆಬ್ಬಾಳವನ್ನು ದಾಟಬೇಕು. ದಟ್ಟಣೆಯ ಹೊತ್ತಿನಲ್ಲಿ ಭಾರೀ ಲಾರಿಗಳಿಗೆ ನಗರದೊಳಗೆ ನಿರ್ಬಂಧ ಬೇರೆ. ಬೇಸಗೆಯ ಬಿಸಿಲಿನಲ್ಲಿ, ಮೇಲ್ಸೇತುವೆಯ ಬುಡದಲ್ಲಿ ನಿಂತ ಲಾರಿಯ ಡ್ರಮ್ಮು ಮೆಲ್ಲಗೆ ತಿರುಗುತ್ತಿರುತ್ತದೆ. ಒಳಗಿನ ಮುದ್ದೆ ಬಿಗಿಯುತ್ತಿರುತ್ತದೆ.

ಕೊನೆಗೂ ಲಾರಿ ಮನೆಯ ಮುಂದೆ ನಿಂತಾಗ, ಮೇಲಿನಿಂದ ಒಂದು ಕೂಗು ಕೇಳಿಬರುತ್ತದೆ: “ಸ್ವಲ್ಪ ನೀರು ಬಿಡಪ್ಪ, ಇಳೀತಾನೇ ಇಲ್ಲ!” ಲಾರಿಯಲ್ಲಿ ತೊಳೆಯಲೆಂದು ನೀರಿನ ತೊಟ್ಟಿ ಇದ್ದೇ ಇದೆ. ಕೊಳವೆ ತಿರುಗಿಸಿದರೆ ಮುಗಿಯಿತು. ಕಾಂಕ್ರೀಟು ಪಾಯಸದಂತೆ ಹರಿಯುತ್ತದೆ, ಎಲ್ಲರಿಗೂ ಸಂತೋಷ.

ಈ ಸಂತೋಷದ ಬೆಲೆಯನ್ನು ಶಾಲೆಯ ಮಕ್ಕಳೂ ಲೆಕ್ಕ ಹಾಕಬಹುದು. ಘನಮೀಟರಿಗೆ 360 ಕಿಲೋ ಸಿಮೆಂಟು, 162 ಲೀಟರು ನೀರು ಎಂದಿಟ್ಟುಕೊಳ್ಳೋಣ. ನೀರಿಗೂ ಸಿಮೆಂಟಿಗೂ ಇರುವ ಪ್ರಮಾಣ 0.45. ಆರು ಘನಮೀಟರಿನ ಲಾರಿಗೆ ನೂರು ಲೀಟರು ನೀರು ಬಿಟ್ಟರೆ ಅದು 0.50ರ ಹತ್ತಿರಕ್ಕೆ ಬರುತ್ತದೆ. ಈ ಪ್ರಮಾಣ ಹೆಚ್ಚಿದಂತೆ ಕಾಂಕ್ರೀಟಿನ ಬಲ ಕುಂದುತ್ತದೆಂದು ಅಮೆರಿಕದ ಡಫ್ ಏಬ್ರಮ್ಸ್ 1918ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದಾನೆ. ಬಲದಲ್ಲಿ ಹತ್ತರಲ್ಲೊಂದು ಪಾಲಿನಷ್ಟು ಹೋಗಬಹುದು. ಹೆಚ್ಚಿನ ನೀರು ಆರಿದ ಮೇಲೆ ಉಳಿಯುವ ಸೂಕ್ಷ್ಮರಂಧ್ರಗಳಲ್ಲಿ ಮಳೆಯ ತೇವ ಇಳಿದು ಕಬ್ಬಿಣವನ್ನು ತಿನ್ನುವುದು ಅನಂತರದ ಕಥೆ. ಇಷ್ಟಾಗಿಯೂ ಕಾಗದಪತ್ರ ಶುದ್ಧವಾಗಿರಬಹುದು. ಪರೀಕ್ಷೆಯ ಘನಾಕೃತಿಗಳನ್ನು ಪ್ಲಾಂಟಿನಲ್ಲೇ ಎರಕ ಹೊಯ್ದಿದ್ದರೆ, ದಾರಿಯಲ್ಲಿ ಬೆರೆತ ನೀರನ್ನು ಅವು ಅರಿಯವು. 28ನೆಯ ದಿನ ಸುಖವಾಗಿ ತೇರ್ಗಡೆಯಾಗುತ್ತವೆ.

ಚಾಲಕನನ್ನು ದೂರುವುದು ಸುಲಭ. ಆದರೆ ಅವನ ಸ್ಥಿತಿಯನ್ನು ನೋಡಿ. ನೀರು ಬಿಡಲಾರೆನೆಂದರೆ ಮೇಸ್ತ್ರಿಯ ಕೋಪ; ಬಿಡದೆ ಹಿಂದಿರುಗಿದರೆ ಮಾಲೀಕನ ಕೋಪ; ಎರಡರ ನಡುವೆ ಡ್ರಮ್ಮಿನಲ್ಲೇ ಕಾಂಕ್ರೀಟು ಗಟ್ಟಿಯಾದರೆ ಒಬ್ಬ ಕೂಲಿಯಾಳು ಸುತ್ತಿಗೆ ಹಿಡಿದು ಆ ಉಕ್ಕಿನ ಗುಹೆಯೊಳಗೆ ಇಳಿಯಬೇಕು. ಕಿವಿ ಗಡಚಿಕ್ಕುವ ಸದ್ದು, ಶ್ವಾಸಕೋಶಕ್ಕೆ ಮಾರಕವಾದ ಕಲ್ಲಿನ ಧೂಳು, ಹೊರಬರಲು ಒಂದೇ ಕಿರಿದಾದ ಬಾಯಿ. ಪ್ರತಿದಿನ ಡ್ರಮ್ಮು ತೊಳೆಯುವುದು ಇದನ್ನು ತಪ್ಪಿಸಲೆಂದೇ. ತೊಳೆದ ನೀರನ್ನು ಪೂರ್ತಿ ಚೆಲ್ಲದೆ ಮತ್ತೆ ಮಿಕ್ಸರಿನ ಕೆಳಗೆ ನಿಲ್ಲಿಸಿದರೆ, ಮುಂದಿನ ಮನೆಯ ಕಾಂಕ್ರೀಟಿಗೆ ಯಾರೂ ಕೇಳದೆಯೇ ನೀರು ಸೇರಿಬಿಡುತ್ತದೆ.

ಪ್ಲಾಂಟುಗಳ ಧೂಳು, ಇರುಳಿನ ಗದ್ದಲಗಳಿಂದ ಬೇಸತ್ತ ಬಡಾವಣೆಯವರು ಅವನ್ನು ಊರಿನಾಚೆಗೆ ಅಟ್ಟಬೇಕೆನ್ನುತ್ತಾರೆ. ಅವರ ಕೆಮ್ಮು ಸುಳ್ಳಲ್ಲ. ಆದರೆ ಪ್ಲಾಂಟು ಒಂದೊಂದು ಕಿಲೋಮೀಟರು ದೂರ ಹೋದಂತೆ ಅವರದೇ ತಾರಸಿಯ ಎರಡು ಗಂಟೆಯಲ್ಲಿ ಅಷ್ಟಷ್ಟು ಕಳೆಯುತ್ತದೆ. ನನ್ನ ಮತದಲ್ಲಿ, ಪ್ಲಾಂಟು ಹತ್ತಿರವೇ ಇರಲಿ. ಸಿಮೆಂಟು ಬೀಳುವ ಬಾಯಿಗೂ ಜಲ್ಲಿಯ ರಾಶಿಗೂ ಮರೆ ಕಟ್ಟಲಿ. ತೊಳೆದ ಸುಣ್ಣದಂಥ ನೀರು ರಾಜಕಾಲುವೆಗೆ ಇಳಿಯದಂತೆ ಗುಂಡಿಗಳಲ್ಲಿ ತಿಳಿಯಾಗಲಿ. ಬಿಗಿದ ಕಾಂಕ್ರೀಟನ್ನು ಸಡಿಲಿಸಲು, ಗಟ್ಟಿಯಾಗುವುದನ್ನು ತಡಮಾಡಲು ದ್ರವಗಳುಂಟು. ಅವನ್ನು ತಿಳಿದವರು ಅಳತೆ ಹಾಕಿ ಬೆರೆಸಲಿ. ಪರೀಕ್ಷೆಯ ಘನಾಕೃತಿಗಳನ್ನು ಮನೆಯ ಬಾಗಿಲಲ್ಲಿ, ಇಳಿಯುವ ಕಾಂಕ್ರೀಟಿನಿಂದಲೇ ಎರಕ ಹೊಯ್ಯಲಿ. ಅವಧಿ ಮೀರಿದ ಲಾರಿ ಹಿಂದಿರುಗಲಿ. ಅದರ ನಷ್ಟವನ್ನು ಮಾರಿದವರೂ ಕೊಂಡವರೂ ಹಂಚಿಕೊಳ್ಳಲಿ, ಚಾಲಕನ ಸಂಬಳಕ್ಕೆ ಕೈ ಹಾಕದಿರಲಿ.

ಚಾಲಕ ತರುವ ಚೀಟಿಯಲ್ಲಿ ಲಾರಿಗೆ ತುಂಬಿದ ಸಮಯ ನಮೂದಾಗಿರುತ್ತದೆ. ಯಜಮಾನರು ಸಾಮಾನ್ಯವಾಗಿ ಅದರಲ್ಲಿ ಓದುವುದು ಘನಮೀಟರಿನ ಸಂಖ್ಯೆಯನ್ನು ಮಾತ್ರ.