ಒಂದು ಮತದ ಹೆಬ್ಬಾಗಿಲು

ಉತ್ತರ ಜರ್ಮನಿಯಲ್ಲಿ, ಬಾಲ್ಟಿಕ್ ಸಮುದ್ರಕ್ಕೆ ಅನತಿದೂರದಲ್ಲಿ, ಲ್ಯೂಬೆಕ್ ಎಂಬ ಪುರಾತನ ವರ್ತಕನಗರವೊಂದುಂಟು. ಅದರ ಪಶ್ಚಿಮದ ಊರಬಾಗಿಲಿಗೆ ಹೋಲ್‌ಸ್ಟೆನ್‌ಟೋರ್ ಎಂದು ಹೆಸರು. 1464ರಿಂದ 1478ರವರೆಗೆ ಇಟ್ಟಿಗೆಯಿಂದ ಕಟ್ಟಲ್ಪಟ್ಟ ಈ ಹೆಬ್ಬಾಗಿಲಿನ ಇಕ್ಕೆಲಗಳಲ್ಲಿ ಎರಡು ದುಂಡು ಬುರುಜುಗಳು. ಅವುಗಳ ನೆತ್ತಿಯ ಮೇಲೆ ಶಂಕುವಿನಾಕಾರದ ಚಾವಣಿಗಳು. ಶತ್ರು ಬರಬಹುದಾದ ಹೊರಮಗ್ಗುಲಿನ ಗೋಡೆಯ ದಪ್ಪ ಮೂರೂವರೆ ಮೀಟರು. ಊರ ಕಡೆಯದು ಒಂದು ಮೀಟರಿಗೂ ಕಡಿಮೆ. ಹೊರಗಿನವರಲ್ಲಿ ಶಂಕೆ, ಒಳಗಿನವರಲ್ಲಿ ನೆಚ್ಚಿಕೆ ಎಂಬಂತಿದೆ ಆ ರಚನೆ.

ವಿಚಿತ್ರವೆಂದರೆ, ಬಾಗಿಲಿಗೆ ಗಂಡಾಂತರವೊದಗಿದ್ದು ಊರ ಕಡೆಯಿಂದಲೇ!

ಹತ್ತೊಂಬತ್ತನೆಯ ಶತಮಾನದಲ್ಲಿ ಕೋಟೆಕೊತ್ತಲಗಳ ಕಾಲ ಮುಗಿದು ಉಗಿಬಂಡಿಯ ಕಾಲ ಬಂದಿತು. ಮೆದು ನೆಲದಲ್ಲಿ ಕುಸಿಯುತ್ತ ಬುರುಜುಗಳು ವಾಲಿಕೊಂಡಿದ್ದವು. ಇದರ ಮುಂದಿದ್ದ ಹೊರಬಾಗಿಲು 1853ರಲ್ಲಿಯೇ ನೆಲಸಮವಾಗಿತ್ತು. 1855ರಲ್ಲಿ 683 ಮಂದಿ ಪೌರರು, ರೈಲ್ವೆಯ ವಿಸ್ತರಣೆಗಾಗಿ ಇದನ್ನೂ ಕೆಡವಿಸಬೇಕೆಂದು ಸಹಿಮಾಡಿ ಮನವಿ ಸಲ್ಲಿಸಿದರು. ಅವರನ್ನು ಅರಸಿಕರೆಂದು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ವ್ಯಾಪಾರವನ್ನೇ ನಂಬಿದ ಊರಿಗೆ ರೈಲೆಂದರೆ ಅನ್ನ. ಕುಸಿಯುತ್ತಿರುವ ಇಟ್ಟಿಗೆಯ ರಾಶಿ ಯಾರ ಹೊಟ್ಟೆಯನ್ನು ತುಂಬಿಸೀತು?

ಆದರೂ ಅದು ತಮ್ಮ ಹಿರಿಯರ ಕೈಗೆಲಸವೆಂದು ಮರುಗಿದವರೂ ಇದ್ದರು. ವಾದವಿವಾದ ವರ್ಷಗಟ್ಟಲೆ ನಡೆಯಿತು. ಕೊನೆಗೆ 1863ರಲ್ಲಿ ಪೌರಸಭೆಯು ಮತಗಳನ್ನೆಣಿಸಿದಾಗ ಉಳಿಸಬೇಕೆಂಬ ಪಕ್ಷವು ಗೆದ್ದಿತು. ಗೆದ್ದದ್ದು ಒಂದೇ ಒಂದು ಮತದಿಂದ!

1871ರ ವೇಳೆಗೆ ಜೀರ್ಣೋದ್ಧಾರ ಮುಗಿದು, 'ಒಳಗೆ ಒಮ್ಮತ, ಹೊರಗೆ ಶಾಂತಿ' ಎಂಬರ್ಥದ ಲ್ಯಾಟಿನ್ ವಾಕ್ಯವೊಂದು ಹೊರಮುಖದಲ್ಲಿ ಹೊಂಬಣ್ಣದಿಂದ ಬೆಳಗಿತು. ಒಂದು ಮತದಿಂದ ಬದುಕಿದ ಬಾಗಿಲಿನ ಹಣೆಯ ಮೇಲೆ ಒಮ್ಮತದ ಬರಹ! ವಾಚಕರು ಮುಗುಳ್ನಕ್ಕರೆ ತಪ್ಪಿಲ್ಲ.

1942ರ ಮಾರ್ಚ್ ತಿಂಗಳ ಬಾಂಬುದಾಳಿಯಲ್ಲಿ ಹಳೆಯ ಲ್ಯೂಬೆಕ್ಕಿನ ಒಂದು ಭಾಗ ಹಾಳಾಯಿತು, ಹೆಬ್ಬಾಗಿಲು ಉಳಿಯಿತು. ಇಂದು ಅದರೊಳಗೆ ವಸ್ತುಸಂಗ್ರಹಾಲಯವಿದೆ. 2006ರಲ್ಲಿ ಜರ್ಮನಿಯು ಹೊರಡಿಸಿದ ಎರಡು ಯೂರೋ ನಾಣ್ಯದ ಮೇಲೆ ಅದರ ಚಿತ್ರ ಮೂಡಿತು. ಅನ್ನ ಕೊಡದೆಂದು ತಿರಸ್ಕೃತವಾಗಿದ್ದ ಇಟ್ಟಿಗೆಗಳನ್ನು ನೋಡಲು ಪ್ರವಾಸಿಗರು ಬರುತ್ತಿದ್ದಾರೆ, ಊರಿಗೆ ಅನ್ನವನ್ನೂ ತರುತ್ತಿದ್ದಾರೆ.

ಇನ್ನು ಆ ರೈಲಿನ ಗತಿಯೇನಾಯಿತೆನ್ನುವಿರಾ? ಬಾಗಿಲಿನ ನೆರೆಯಲ್ಲಿದ್ದ ನಿಲ್ದಾಣವನ್ನು ಬಿಟ್ಟು, 1908ರಲ್ಲಿ ಬೇರೊಂದೆಡೆ ಹೊಸ ನಿಲ್ದಾಣವನ್ನು ತೆರೆದರು. ಕೆಡವಬೇಕೆಂದವರ ಅವಸರಕ್ಕೆ ಮಣಿದಿದ್ದರೆ, ನಿಲ್ದಾಣವೇನೋ ಹೀಗೆ ಸ್ಥಳ ಬದಲಿಸುತ್ತಿತ್ತು. ಬಾಗಿಲು ಮಾತ್ರ ಮರಳಿ ಬರುತ್ತಿರಲಿಲ್ಲ.