ಸಬ್‌ಟೈಟಲ್‌ನಲ್ಲಿ ಕಳೆದುಹೋದ ಸೋದರಮಾವ

ಚೀನೀ ಐತಿಹಾಸಿಕ ಧಾರಾವಾಹಿ ನೋಡ್ಬೇಕು, ಎಲ್ಲಿಂದ ಶುರು ಮಾಡೋದು ಅಂತ ಯಾರನ್ನೇ ಕೇಳಿ, ‘ನಿರ್ವಾಣ ಇನ್ ಫೈರ್’ ಅಂತಾರೆ. 2015ರದ್ದು, 54 ಕಂತು. ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ಸಲ ನೋಡೋರಿಗೆ ನಾನು ಅದನ್ನ ಹೇಳೋದಿಲ್ಲ. ಮೂರು ಕಂತು ಮುಗಿಯೋದ್ರೊಳಗೆ ರಾಜ, ರಾಜಕುಮಾರರು, ಸೇನಾಪತಿ, ಮಂತ್ರಿ ಅಂತ ಒಂದು ದಂಡೇ ಬಂದು ನಿಲ್ತದೆ. ಎಲ್ಲರಿಗೂ ಉದ್ದ ಕೂದಲು, ರಾಜಕುಮಾರರ ಹೆಸರೆಲ್ಲ ‘ಶ್ಯಾವ್ ಜಿಂಗ್’ ಅಂತಲೇ ಶುರು. ಇಡೀ ದಿನ ಕೆಲಸ ಮಾಡಿ ಬಂದು, ಊಟ ಆದಮೇಲೆ ಫೋನ್ ಹಿಡಿಯೋರಿಗೆ ಇದು ಪರೀಕ್ಷೆ ಇದ್ದಂಗೆ. ನಾಲ್ಕನೇ ದಿನಕ್ಕೆ ಬಿಟ್ಟುಬಿಡ್ತೀರಿ.

ನನ್ನ ಸಲಹೆ, ಮನೆಯಿಂದ ಶುರು ಮಾಡಿ. ‘ದಿ ಸ್ಟೋರಿ ಆಫ್ ಮಿಂಗ್‌ಲಾನ್’. 2018ರ ಡಿಸೆಂಬರ್‌ನಲ್ಲಿ ಶುರುವಾದದ್ದು, 73 ಕಂತು. ಕಂತಿಗೆ ಮುಕ್ಕಾಲು ತಾಸು ಅಂದ್ರೂ ಒಟ್ಟು 55 ತಾಸು. ಹೆದರಬೇಡಿ, ನಮ್ಮ ಟೀವಿ ಧಾರಾವಾಹಿಗಳು ಸಾವಿರ ಕಂತು ದಾಟಿದಾಗ ನಾವು ಎಣಿಸಿದ್ದೀವಾ? ಸೊಂಗ್ ರಾಜವಂಶದ ಕಾಲದ ಒಬ್ಬ ಅಧಿಕಾರಿಯ ಮನೆ. ಒಬ್ಬಳು ಧರ್ಮಪತ್ನಿ, ಉಪಪತ್ನಿಯರು, ಅವರೆಲ್ಲರ ಮಕ್ಕಳು, ಮೇಲೆ ಒಬ್ಬ ಖಡಕ್ ಅಜ್ಜಿ. ಕಥೆಯ ಹುಡುಗಿ ಮಿಂಗ್‌ಲಾನ್ ಉಪಪತ್ನಿಯ ಮಗಳು. ಆ ಪಾತ್ರ ಮಾಡಿದಾಕೆ ಝಾವ್ ಲೀಯಿಂಗ್. ಕತ್ತಿ ಕಾಳಗ ಕಡಿಮೆ. ಯಾರು ಯಾವ ಖೋಲಿಯಲ್ಲಿ ಕೂತು ಯಾರ ಬಗ್ಗೆ ಏನಂದ್ರು ಅನ್ನೋದೇ ಯುದ್ಧ.

ಹೆಸರು ನೆನಪಿಡೋ ಗೋಜೂ ಇಲ್ಲ. ಆ ಮನೆಯಲ್ಲಿ ಹೆಣ್ಣುಮಕ್ಕಳನ್ನ ನಂಬರಿನಿಂದ ಕರೀತಾರೆ. ನಾಲ್ಕನೇಯವಳು ಮೋಲಾನ್, ಐದನೇಯವಳು ರೂಲಾನ್, ಆರನೇಯವಳು ನಮ್ಮ ಮಿಂಗ್‌ಲಾನ್. ನಂಬರ್ ಹಿಡಿದರೆ ಸಾಕು, ಹೆಸರು ತಾನಾಗಿಯೇ ಬರ್ತದೆ.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ಇಂಗ್ಲಿಷ್ ಸಬ್‌ಟೈಟಲ್ ಓದ್ತಾ ಕಿವಿ ಮಾತ್ರ ತೆರೆದಿಡಿ. ಕೆಳಗೆ ‘ಅಂಕಲ್’ ಅಂತ ಬರೆದಿರ್ತದೆ. ಪಾತ್ರ ಹೇಳೋದು ‘ಬೋಬೋ’ ಆದ್ರೆ ದೊಡ್ಡಪ್ಪ, ‘ಶೂಶೂ’ ಆದ್ರೆ ಕಾಕಾ, ‘ಜ್ಯೂಜ್ಯೂ’ ಆದ್ರೆ ಸೋದರಮಾವ. ಮೂರು ಬೇರೆ ಬೇರೆ ಮನುಷ್ಯರನ್ನ ಇಂಗ್ಲಿಷ್ ಒಂದೇ ಗೋಣಿಚೀಲಕ್ಕೆ ತುಂಬಿಬಿಟ್ಟಿದೆ. ‘ಸಿಸ್ಟರ್’ ಅಂತ ಬಂದಾಗ ‘ಜ್ಯೆಜ್ಯೆ’ ಅಂದ್ರೆ ಅಕ್ಕ, ‘ಮೇಮೇ’ ಅಂದ್ರೆ ತಂಗಿ. ‘ಸಿಸ್ಟರ್ ಇನ್ ಲಾ’ ಅನ್ನೋ ಒಂದೇ ಪದದೊಳಗೆ ನಮ್ಮ ವೈನಿ, ನಾದಿನಿ, ನೆಗೆಣ್ಣಿ ಮೂವರೂ ಕೂತಿರ್ತಾರೆ. ಚೀನೀ ಭಾಷೆಯಲ್ಲಿ ನೆಗೆಣ್ಣಿಯರಿಗೇ ಬೇರೆ ಪದ ಉಂಟು, ‘ಝೌಲಿ’. (‘ದೀದಿ’ ಅಂತ ಕೇಳಿದ್ರೆ ಹಿಂದಿ ನೆನಪು ಮಾಡ್ಕೋಬೇಡಿ, ಅಲ್ಲಿ ಅದು ತಮ್ಮ.) ಇಂಗ್ಲಿಷಿನವರು ತಲೆ ಕೆರ್ಕೊಳ್ಳೋ ಜಾಗದಲ್ಲಿ ಕನ್ನಡದವರಿಗೆ ಸಲೀಸು. ನಮ್ಮಲ್ಲೂ ಸಂಬಂಧ ಗೊತ್ತಾಗದೆ ಮಾತೇ ಮುಂದೆ ಹೋಗೋದಿಲ್ಲವಲ್ಲ.

ಎಲ್ಲಕ್ಕಿಂತ ನನ್ನನ್ನ ತಡೆದು ನಿಲ್ಲಿಸಿದ ಪದ ‘ಶ್ಯಾವ್‌ನ್ಯಾಂಗ್’. ಸಬ್‌ಟೈಟಲ್‌ನಲ್ಲಿ ಅದು ಬರೇ ಉಪಪತ್ನಿ ಅಂತ ಬರ್ತದೆ. ‘ಶ್ಯಾವ್’ ಅಂದ್ರೆ ಚಿಕ್ಕ, ‘ನ್ಯಾಂಗ್’ ಅಂದ್ರೆ ಅವ್ವ. ಚಿಗವ್ವ! ಮಿಂಗ್‌ಲಾನ್ ತನ್ನನ್ನ ಹೆತ್ತವಳನ್ನ ಹಾಗೆ ಕರೀಬೇಕು, ‘ತಾಯಿ’ ಅನ್ನೋ ಪದ ಅಪ್ಪನ ಧರ್ಮಪತ್ನಿಗೆ ಮೀಸಲು. ಹೆತ್ತವಳು ಹೆರಿಗೆಯಲ್ಲಿ ಸಾಯೋವಾಗಲೂ ಮಗು ಕೂಗೋದು ಚಿಗವ್ವಾ ಅಂತಲೇ. ಇಂಗ್ಲಿಷ್ ಓದಿದ್ರೆ ಒಬ್ಬ ಉಪಪತ್ನಿ ಸತ್ತಳು, ಅಷ್ಟೇ.

ಇದನ್ನೆಲ್ಲ ನಾನು ಗಮನಿಸಿದ್ದು ಜೋರಾಗಿ ಹೇಳಬೇಕಾಗಿ ಬಂದಿದ್ದರಿಂದ. ಸಮೀರವಾಡಿಯಲ್ಲಿ ಕಬ್ಬು ನುರಿಸುವ ಹಂಗಾಮಿನಲ್ಲಿ ರಾತ್ರಿಯಿಡೀ ಕಬ್ಬಿನ ಟ್ರ್ಯಾಕ್ಟರ್‌ಗಳ ಸದ್ದು, ಬೇಗ ನಿದ್ದೆ ಬರೋದಿಲ್ಲ. ಅವ್ವನಿಗೆ ಇಂಗ್ಲಿಷ್ ಬರೋದಿಲ್ಲ. ಪಕ್ಕದಲ್ಲಿ ಕೂತು ‘ಏನಂದ್ಳವಾ ಆಕಿ?’ ಅಂತಾಳೆ, ನಾನು ಹೇಳ್ತೀನಿ. ‘ಅಂಕಲ್ ಬಂದ’ ಅಂದ್ರೆ ಒಪ್ಪೋದಿಲ್ಲ. ‘ಯಾವ ಕಡಿ ಅಂಕಲ್? ಕಾಕಾನೋ ಮಾಂವನೋ ಸರಿಯಾಗಿ ಹೇಳು.’ ಹಿಂದಕ್ಕೆ ಹೋಗಿ ಮತ್ತೆ ಕೇಳಿಸ್ಕೋಬೇಕು. ಮಿಂಗ್‌ಲಾನ್‌ಗೆ ನೋಡಿದ ಒಬ್ಬ ವೈದ್ಯ ಹುಡುಗನ ಸಂಬಂಧಕ್ಕೆ ಅವನ ತಾಯಿಯ ತಂಗಿಯ ಮಗಳು ಅಡ್ಡ ಬರ್ತಾಳೆ, ಅವಳನ್ನ ಉಪಪತ್ನಿಯಾಗಿ ಇಟ್ಕೋ ಅಂತ ಹಟ. ಅವ್ವ ಎದ್ದೇ ಕೂತಳು. ‘ಚಿಗವ್ವನ ಮಗಳು ತಂಗಿ ಆಗ್ತಾಳಲ್ಲೇ!’ ಅಲ್ಲಿನ ಲೆಕ್ಕ ಬೇರೆ. ಅಪ್ಪನ ಅಣ್ಣತಮ್ಮಂದಿರ ಮಕ್ಕಳು ಮಾತ್ರ ಒಡಹುಟ್ಟಿದವರ ಸಮ. ತಾಯಿ ಕಡೆಯವರು, ಸೋದರತ್ತೆ ಮಕ್ಕಳು, ಎಲ್ಲರೂ ಮದುವೆಗೆ ನಡೀತಾರೆ.

ಆಮೇಲೆ ಬಾಯ್ ಮನೆತನದ ಕಥೆ ಬಂತು. (ಸ್ವಲ್ಪ ಕಥೆ ಬಿಟ್ಟುಕೊಡ್ತಿದ್ದೀನಿ, ಬೇಡದವರು ಈ ಪ್ಯಾರಾ ಜಿಗೀರಿ.) ನಾಯಕ ಗು ಟಿಂಗ್‌ಯೆಯ ತಾಯಿ ಉಪ್ಪಿನ ವ್ಯಾಪಾರಿಯ ಮಗಳು. ಗು ದೊಡ್ಡ ಮನೆತನ, ತಲೆ ಮೇಲೆ ಸರ್ಕಾರದ ಸಾಲ. ಆಕೆ ತಂದ ಬಳುವಳಿಯ ಬೆಳ್ಳಿಯಿಂದ ಸಾಲ ತೀರ್ತದೆ. ಆಮೇಲೆ ಆ ಉಪಕಾರದ ಸುದ್ದಿ ಯಾರೂ ಎತ್ತೋದಿಲ್ಲ, ವ್ಯಾಪಾರಿ ಮಗಳು ಅಂತ ಹೀನಾಯ ಮಾತ್ರ ಉಳೀತದೆ. ಅವ್ವ ತುಂಬ ಹೊತ್ತು ಮಾತಾಡಲಿಲ್ಲ. ‘ಆಕಿ ರೊಕ್ಕದಾಗ ಮನಿ ಉಳಿಸ್ಕೊಂಡಾರ, ಆಕಿ ಹೆಸರ ಒಬ್ಬರ ಬಾಯಾಗೂ ಇಲ್ಲ ನೋಡು’ ಅಂದಳು. ಎದ್ದು ಹೋಗಿ ಟ್ರಂಕಿನಿಂದ ಒಂದು ಕವರ್ ತಂದಳು. ‘ಇಷ್ಟೊತ್ತು ಅವರದ್ದು ಓದಿ ಹೇಳಿದಿ. ಈಗ ಇದನ್ನೂ ಓದಿ ಹೇಳು.’

ಹಕ್ಕು ಬಿಡುಗಡೆ ಪತ್ರ. ತವರಿನ ಕಾಲುವೆ ನೀರಿನ ಹೊಲದಲ್ಲಿ ತನ್ನ ಪಾಲು ಬೇಡ ಅಂತ ಅವ್ವ ಬರೆದುಕೊಡಬೇಕಾದದ್ದು. ಮಾಮಂದಿರು ದೀಪಾವಳಿಗೆ ಬಂದಾಗ ಕೊಟ್ಟು ಹೋಗಿದ್ದರಂತೆ. ಅವ್ವನಿಗೆ ಕನ್ನಡ ಓದೋಕೆ ಬರ್ತದೆ, ಆದರೆ ದಸ್ತಾವೇಜಿನ ಕನ್ನಡಕ್ಕೂ ಒಂದು ಸಬ್‌ಟೈಟಲ್ ಬೇಕು. ನಾನು ಒಂದೊಂದೇ ಸಾಲು ಓದಿ ನಮ್ಮ ಮಾತಿನಲ್ಲಿ ಹೇಳಿದೆ. ‘ಸ್ವಸಂತೋಷದಿಂದ’ ಅನ್ನೋ ಪದಕ್ಕೆ ತಡೆದಳು. ‘ಅಂದ್ರ ಯಾರ ಸಂತೋಷ?’

ಕಾನೂನು ನಾನು ಹೇಳಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ 2005ರ ಸೆಪ್ಟೆಂಬರ್ 9ಕ್ಕೆ ಜಾರಿಗೆ ಬಂದು, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹುಟ್ಟಿನಿಂದ ಹಕ್ಕು ಅಂತಾಯಿತು. ಆ ದಿನ ತಂದೆ ಬದುಕಿರಲೇಬೇಕು ಅಂತೇನಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿತು. ವಿಚಿತ್ರ ನೋಡಿ, ಹುಟ್ಟಿನಿಂದ ಹಕ್ಕು ಅನ್ನೋ ವಿಚಾರ ಬಂದದ್ದು ‘ಮಿತಾಕ್ಷರ’ದಿಂದ. ಅದನ್ನ ಬರೆದ ವಿಜ್ಞಾನೇಶ್ವರ ನಮ್ಮದೇ ಕಲ್ಯಾಣದಲ್ಲಿ, 6ನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದವನು. ಅತ್ತ ಸೊಂಗ್ ರಾಜರು ಆಳ್ತಿದ್ದ ಕಾಲವೇ ಅದು. ಮಿಂಗ್‌ಲಾನ್ ಮನೆಯವರು ಬಳುವಳಿ ಪಟ್ಟಿ ಬರೀತಿದ್ದ ಹೊತ್ತಿಗೆ ಸ್ವಲ್ಪ ಆಚೀಚೆ ಇಲ್ಲೊಬ್ಬ ಸ್ತ್ರೀಧನ ಅಂದ್ರೆ ಏನೇನು ಅಂತ ಬರೀತಿದ್ದ. ಅವನ ಹುಟ್ಟಿನ ಹಕ್ಕು ಗಂಡುಮಕ್ಕಳಿಗೆ ಮಾತ್ರ ಇತ್ತು ಅನ್ನೋದನ್ನೂ ಅವ್ವನಿಗೆ ಹೇಳಿದೆ.

ಅವ್ವ ಎಲ್ಲ ಕೇಳಿದಳು. ‘ಕಾನೂನು ಖರೇ ಅದ. ಸಹಿ ಮಾಡಲಿಲ್ಲಂದ್ರ ಪಂಚಮಿಗೆ ಕರ್ಯಾಕ ಬರ್ತಾರೇನು?’ ಇದಕ್ಕೆ ನನ್ನ ಹತ್ತಿರ ಸಬ್‌ಟೈಟಲ್ ಇರಲಿಲ್ಲ. ಕವರ್ ಮತ್ತೆ ಟ್ರಂಕಿಗೆ ಹೋಯಿತು, ಸಹಿ ಬಿದ್ದಿಲ್ಲ. ಮಾಮ ಫೋನ್ ಮಾಡಿದಾಗ ಮಾತ್ರ ‘ನನ್ನ ಮಗಳು ಓದ್ಲಿಕತ್ಯಾಳೋ ಅಣ್ಣಾ’ ಅಂತಾಳೆ. ತಿಂಗಳಿಂದ ಓದ್ತಾನೇ ಇದ್ದೀನಿ. ತನಗೆ ಗೊತ್ತಿರೋದನ್ನ ತೋರಿಸದೆ, ಲೆಕ್ಕ ಇಟ್ಕೊಂಡು ಕಾಯೋದನ್ನ ಮಿಂಗ್‌ಲಾನ್ ಎಷ್ಟೋ ಕಂತು ಮಾಡ್ತಾಳೆ. ಅವ್ವ ಅದನ್ನ ಅವಳಿಂದ ಕಲಿತಳು ಅಂತ ನಾನು ಹೇಳೋದಿಲ್ಲ, ಅವ್ವನಿಗೆ ಮೊದಲೇ ಬರ್ತಿತ್ತು.

ಇನ್ನು ನೋಡೋ ವ್ಯವಸ್ಥೆ. ಯೂಟ್ಯೂಬಿನ ಅಧಿಕೃತ ಚಾನೆಲ್‌ಗಳಲ್ಲೇ ಎಷ್ಟೋ ಧಾರಾವಾಹಿ ಇಂಗ್ಲಿಷ್ ಸಬ್‌ಟೈಟಲ್ ಸಮೇತ ಇವೆ. ವೀಟೀವಿ, ಮ್ಯಾಂಗೋ ಟೀವಿ ಆ್ಯಪ್ ಹುಡುಕಬೇಡಿ, 2020ರ ನವೆಂಬರ್‌ನಲ್ಲಿ ನಮ್ಮ ಸರ್ಕಾರ ನಿಷೇಧಿಸಿದ 43ರಲ್ಲಿ ಅವೂ ಇವೆ. ರಾತ್ರಿಗೆ ಎರಡು ಕಂತು ಸಾಕು, ಮೂರನೆಯದು ಮರುದಿನದ ಕೆಲಸ ಕೆಡಿಸ್ತದೆ. ಒಬ್ಬರೇ ನೋಡಬೇಡಿ. ಮನೆಯಲ್ಲಿ ಇಂಗ್ಲಿಷ್ ಓದದವರು ಯಾರಾದರೂ ಇದ್ದರೆ ಪಕ್ಕದಲ್ಲಿ ಕೂರಿಸ್ಕೊಳ್ಳಿ. ‘ಯಾವ ಕಡಿ ಅಂಕಲ್’ ಅಂತ ಕೇಳೋರು ಬೇಕು.

ಮಿಂಗ್‌ಲಾನ್ ಆದಮೇಲೆ ‘ನಿರ್ವಾಣ ಇನ್ ಫೈರ್’ಗೆ ಹೋಗಿ, ಆಗ ಆ ಇಪ್ಪತ್ತು ಜನ ಭಾರ ಆಗೋದಿಲ್ಲ. ಓಟ ಇಷ್ಟಪಡೋರಿಗೆ 2019ರ ‘ದಿ ಲಾಂಗೆಸ್ಟ್ ಡೇ ಇನ್ ಚಾಂಗಾನ್’, 48 ಕಂತಿನಲ್ಲಿ ಒಂದೇ ದಿನದ ಕಥೆ. ನಾವು ಮಾತ್ರ ‘ಸ್ಟೋರಿ ಆಫ್ ಯಾನ್‌ಶಿ ಪ್ಯಾಲೇಸ್’ ಅಂತ ತೀರ್ಮಾನ ಮಾಡಿದ್ದೀವಿ. 2018ರದ್ದು, 70 ಕಂತು, ಚಿಯಾನ್‌ಲಾಂಗ್ ಚಕ್ರವರ್ತಿಯ ಅಂತಃಪುರ. ಅವ್ವ ಸಣ್ಣಾಕಿ ಇದ್ದಾಗಿಂದ ಜಾತ್ರೆಯಲ್ಲಿ ಶ್ರೀಕೃಷ್ಣ ಪಾರಿಜಾತ ನೋಡಿದಾಕಿ, ಒಂದು ಹೂವಿಗಾಗಿ ರುಕ್ಮಿಣಿ ಸತ್ಯಭಾಮೆ ಬೆಳಗಿನತನಕ ಜಗಳಾಡೋದನ್ನ ಕೇಳಿದಾಕಿ.

‘ಅದ್ರಾಗೂ ಸವತ್ಯಾರು ಅದಾರೇನು?’ ಅಂತ ಕೇಳಿದಳು.

‘ಅದಾರವಾ, ಭಾಳ ಮಂದಿ ಅದಾರ.’

‘ಹಂಗಾರ ಚಹಾಕ್ಕ ಇಡ್ತೀನಿ ತಡಿ.’