ಲೆಕ್ಕದಲ್ಲಿ ಇಲ್ಲದವರು

ಬಿ.ಕಾಂ. ಮೊದಲ ವರ್ಷಕ್ಕೆ ನಾವು ಸೇರಿದಾಗ ಹಾಜರಿ ಪುಸ್ತಕದಲ್ಲಿ 62 ಹೆಸರಿದ್ದವು. ಈಗ ಮೂರನೆಯ ವರ್ಷದಲ್ಲಿ 49. ನಡುವೆ ಉದುರಿಹೋದ 13 ಮಂದಿ ಎಲ್ಲಿಗೆ ಹೋದರು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಸುಳ್ಳು ಯಾಕೆ ಹೇಳಲಿ. ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಬಿತ್ತು, ಕ್ರಮಸಂಖ್ಯೆ ಬದಲಾಯಿತು, ಮುಗೀತು.

ಅವರಲ್ಲೊಬ್ಬ ನನ್ನ ಪಕ್ಕದಲ್ಲೇ ಕೂರುತ್ತಿದ್ದ. ನನ್ನ ಹಾಗೇ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಮೊದಲ ಸೆಮಿಸ್ಟರಿನ ಲೆಕ್ಕಶಾಸ್ತ್ರದಲ್ಲಿ ಎರಡು ಸಲ ಕುಳಿತ, ಎರಡು ಸಲವೂ ಬಿದ್ದ. ಲೆಕ್ಕ ಬರದೆ ಅಲ್ಲ, ಪ್ರಶ್ನೆ ಏನು ಕೇಳ್ತಿದೆ ಅಂತ ತಿಳಿಯದೆ. ಈಗ ಅವನು ಒಂದು ಅಡಿಕೆ ಮಂಡಿಯಲ್ಲಿ ಕಿರ್ದಿ ಬರೀತಾನೆ, ಕನ್ನಡದಲ್ಲಿ. ಜಮಾ-ಖರ್ಚು ಪೈಸೆ ತಪ್ಪದೆ ತಾಳೆಯಾಗುತ್ತದಂತೆ.

ಇದೆಲ್ಲ ಈಗ ನೆನಪಾಗುವುದಕ್ಕೆ ಕಾರಣ ಕೇರಳದ ಸುದ್ದಿ. 2025ರ ಜನವರಿಯಲ್ಲಿ ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾನಿಲಯದಲ್ಲಿ ಉನ್ನತ ಶಿಕ್ಷಣದ ಅಂತರರಾಷ್ಟ್ರೀಯ ಸಮಾವೇಶ ನಡೆಯಿತು. ಅದಕ್ಕೆ ತಿಂಗಳ ಮುಂಚೆ, 2024ರ ಡಿಸೆಂಬರಿನಲ್ಲಿ, ತಿರುವನಂತಪುರದಲ್ಲಿರುವ ಕೇರಳ ರಾಜ್ಯ ಉನ್ನತ ಶಿಕ್ಷಣ ಪರಿಷತ್ತಿನ ಕಡೆಯಿಂದ ಆ ರಾಜ್ಯದ ಕಾಲೇಜು, ವಿಶ್ವವಿದ್ಯಾನಿಲಯಗಳ ದರ್ಜೆಪಟ್ಟಿ ಮೊದಲ ಬಾರಿಗೆ ಹೊರಬಂತು. ಅಂಕಿ-ಅಂಶ ಕೂಡಿಸಿ ಕಾಲೇಜನ್ನು ಅಳೆಯುವ ಈ ಕೆಲಸಕ್ಕೆ ದೊಡ್ಡವರು ಸಾಂಸ್ಥಿಕ ಸಂಶೋಧನೆ ಅಂತಾರೆ. ಅಂದರೆ ಕಾಲೇಜು ಊರಿನ ಬಗ್ಗೆ, ನಕ್ಷತ್ರದ ಬಗ್ಗೆ ಸಂಶೋಧನೆ ಮಾಡುವುದಲ್ಲ, ತನ್ನ ಬಗ್ಗೆ ತಾನೇ ಮಾಡಿಕೊಳ್ಳುವುದು. ಯಾರು ಸೇರಿದರು, ಯಾರು ಬಿಟ್ಟರು, ಯಾಕೆ ಬಿಟ್ಟರು. ಅಮೆರಿಕದಲ್ಲಿ ಇದನ್ನೇ ಉದ್ಯೋಗ ಮಾಡಿಕೊಂಡವರ ಸಂಘವೊಂದು 1960ರ ದಶಕದಿಂದಲೂ ಇದೆ. ನಮ್ಮ ದೇಶದ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಯಾರೋ ಒಬ್ಬ ಅಧ್ಯಾಪಕರ ತಲೆಗೆ ಇದನ್ನು ಕಟ್ಟುತ್ತಾರೆ. ಅವರು ಪಾಠ, ಪರೀಕ್ಷೆ, ಚುನಾವಣಾ ಕೆಲಸಗಳ ಮಧ್ಯೆ ರಾತ್ರಿ ಕೂತು ನಮೂನೆ ತುಂಬುತ್ತಾರೆ.

ಆ ನಮೂನೆಗಳಿಂದ ಹುಟ್ಟುವುದೇ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆ. 2010-11ರಲ್ಲಿ ಶುರುವಾಯಿತು. 2021-22ರ ವರದಿ ಪ್ರಕಾರ ಕಾಲೇಜು ವಯಸ್ಸಿನ, ಅಂದರೆ 18ರಿಂದ 23ರ, ನೂರು ಮಂದಿಗೆ ದೇಶದಲ್ಲಿ 28.4ರಷ್ಟು ಪ್ರವೇಶ, ಕರ್ನಾಟಕದಲ್ಲಿ 36.2, ಕೇರಳದಲ್ಲಿ 41.3. ನೋಡಿದ ಕೂಡಲೇ ಕೇರಳ ಗೆದ್ದಿತು ಅನ್ನಿಸುತ್ತೆ. ಆದರೆ ಕಾಮರ್ಸ್ ಓದೋರು ಅಂಶವನ್ನಷ್ಟೇ ಅಲ್ಲ, ಛೇದವನ್ನೂ ನೋಡಬೇಕಲ್ಲ? ಮೇಲಿನ ಸಂಖ್ಯೆ ಕಾಲೇಜು ಎಲ್ಲಿದೆಯೋ ಅಲ್ಲಿನದು. ಕೆಳಗಿನ ಸಂಖ್ಯೆ ಜನಗಣತಿಯಿಂದ ಅಂದಾಜು ಮಾಡಿದ ಆ ರಾಜ್ಯದ ಜನರದು. ನರ್ಸಿಂಗ್ ಓದಲು ಬೆಂಗಳೂರಿಗೆ, ಮಂಗಳೂರಿಗೆ ಬರುವ ಮಲಯಾಳಿ ಹುಡುಗಿ ಮೇಲೆ ಕರ್ನಾಟಕದ ಲೆಕ್ಕಕ್ಕೆ ಬೀಳ್ತಾಳೆ, ಕೆಳಗೆ ಕೇರಳದ ಲೆಕ್ಕದಲ್ಲೇ ಉಳೀತಾಳೆ. ಕಾಸರಗೋಡಿನಿಂದ ಬೆಳಗಿನ ರೈಲು ಹತ್ತಿ ಮಂಗಳೂರಿನ ಕಾಲೇಜಿಗೆ ಬರುವ ಕನ್ನಡದ ಹುಡುಗನದೂ ಇದೇ ಪಾಡು. 1956ರ ನವೆಂಬರಿನಲ್ಲಿ ಅವನ ಊರು ಕೇರಳಕ್ಕೆ ಸೇರಿತು, ಅವನ ಹಾಜರಿ ಮಾತ್ರ ದಿನಾ ಗಡಿ ದಾಟುತ್ತದೆ! ಕೇರಳದ 41.3 ನಿಜವಾಗಿ ಇನ್ನೂ ಹೆಚ್ಚಿರಬೇಕು, ನಮ್ಮ 36.2ರಲ್ಲಿ ಎರವಲು ಎಷ್ಟೋ ಇರಬೇಕು. ಅಂಕಿ ಸುಳ್ಳು ಅಂತ ನಾನು ಹೇಳ್ತಿಲ್ಲ. ಅದಕ್ಕೆ ಕೇಳಿದ ಪ್ರಶ್ನೆಗೆ ಮಾತ್ರ ಅದು ಉತ್ತರ ಕೊಡುತ್ತೆ.

ತಿರುವನಂತಪುರದಲ್ಲೇ ಇದಕ್ಕೊಂದು ಹಳೆಯ ಉದಾಹರಣೆ ಇದೆ. ಅರ್ಥಶಾಸ್ತ್ರಜ್ಞ ಕೆ. ಎನ್. ರಾಜ್ ಅವರು ಕಟ್ಟಿದ ಅಭಿವೃದ್ಧಿ ಅಧ್ಯಯನ ಕೇಂದ್ರ ಅಲ್ಲಿದೆ, ಉಳ್ಳೂರಿನ ಗುಡ್ಡದ ಮೇಲೆ, ಲಾರಿ ಬೇಕರ್ ಕಟ್ಟಿದ ಇಟ್ಟಿಗೆಯ ಕಟ್ಟಡಗಳಲ್ಲಿ. ವಿಶ್ವಸಂಸ್ಥೆಗಾಗಿ ಆ ಕೇಂದ್ರ ಕೇರಳದ ಬಡತನದ ಬಗ್ಗೆ ಒಂದು ಅಧ್ಯಯನ ಮಾಡಿತು, 1975ರಲ್ಲಿ ಅಚ್ಚಾಯಿತು. ಅಲ್ಲಿಯವರೆಗಿನ ಸಮೀಕ್ಷೆಗಳ ಪ್ರಕಾರ ಕೇರಳದ ಜನ ದೇಶದಲ್ಲೇ ತೀರಾ ಕಡಿಮೆ ಆಹಾರ ತಿನ್ನುವವರು, ಹೆಚ್ಚುಕಡಿಮೆ ಉಪವಾಸದವರು. ಹಾಗಿದ್ದರೆ ಅಲ್ಲಿ ಮಕ್ಕಳ ಸಾವು ಕಡಿಮೆ, ಆಯಸ್ಸು ಜಾಸ್ತಿ ಹೇಗೆ? ವಿದ್ವಾಂಸರು ಕೂತು ನೋಡಿದರು. ಅಕ್ಕಿಯ ಲೆಕ್ಕ ಸಮೀಕ್ಷೆಯಲ್ಲಿ ಚೆನ್ನಾಗಿ ಸಿಕ್ಕಿತ್ತು. ಹಿತ್ತಲಲ್ಲಿ ಬೆಳೆದ ಮರಗೆಣಸು, ತೆಂಗಿನಕಾಯಿಯಂಥವು ಸರಿಯಾಗಿ ಸಿಕ್ಕಿರಲಿಲ್ಲ. ಬಡವನ ಹೊಟ್ಟೆ ತುಂಬುತ್ತಿದ್ದುದೇ ಅದರಿಂದ! ಅದನ್ನು ಸೇರಿಸಿದ ಮೇಲೆ ಚಿತ್ರವೇ ಬದಲಾಯಿತು. ಕೇರಳ ಬಡ ರಾಜ್ಯ ಹೌದು, ಆದರೆ ಶಾಲೆ, ಆಸ್ಪತ್ರೆ, ಪಡಿತರ ಅಂಗಡಿಗಳಿಂದ ಬದುಕು ಮೇಲಕ್ಕೆದ್ದ ರಾಜ್ಯ ಅಂತ ಲೋಕಕ್ಕೆ ತಿಳಿದದ್ದು ಆಮೇಲೆ. ಈ ಪುಸ್ತಕದ ವಿಚಾರವನ್ನು ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ಹೇಳಿದಾಗ ನನಗೆ ಮಂಡಿಯಲ್ಲಿರುವ ಗೆಳೆಯನ ನೆನಪಾಯಿತು. ಅವನು ನಮ್ಮ ಕಾಲೇಜಿನ ಲೆಕ್ಕಕ್ಕೆ ಸಿಗದ ಮರಗೆಣಸು.

ಈಗ ನಡೆಯುವ ಲೆಕ್ಕಗಳಲ್ಲಿ ಅವನಿಗೆ ಜಾಗ ಎಲ್ಲಿದೆ? 2016ರಿಂದ ಬರುತ್ತಿರುವ ರಾಷ್ಟ್ರೀಯ ದರ್ಜೆಪಟ್ಟಿ, ಎಷ್ಟು ಮಂದಿ ನಿಗದಿತ ಅವಧಿಯಲ್ಲಿ ಪಾಸಾದರು ಅಂತ ಕೇಳುತ್ತೆ, ಕೆಲಸ ಸಿಕ್ಕವರ ಸಂಬಳ ಕೇಳುತ್ತೆ. ಪಾಸಾಗದವರು ಯಾವ ಶಾಲೆಯಿಂದ ಬಂದವರು ಅಂತ ಕೇಳುವುದಿಲ್ಲ. ಅಖಿಲ ಭಾರತ ಸಮೀಕ್ಷೆಯ ವರದಿಯಲ್ಲಿ ಹೆಣ್ಣು-ಗಂಡು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು, ಅಂಗವಿಕಲರು ಅಂತ ಕೋಷ್ಟಕಗಳಿವೆ, ಬೇಕಾದ ಕೋಷ್ಟಕಗಳೇ. ಹತ್ತನೆಯವರೆಗೆ ಯಾವ ಭಾಷೆಯಲ್ಲಿ ಓದಿದರು ಅನ್ನುವ ಕೋಷ್ಟಕ ಮಾತ್ರ ಇಲ್ಲ. ಇದರ ಮೇಲೆ, ಬಹುಪಾಲು ಅಂಕಿ ಕಾಲೇಜುಗಳೇ ಕೊಟ್ಟದ್ದು. ವ್ಯಾಪಾರಿ ತನ್ನ ಲೆಕ್ಕವನ್ನು ತಾನೇ ತನಿಖೆ ಮಾಡಿ ಸಹಿ ಹಾಕಿದರೆ ನಾವು ಪರೀಕ್ಷೆಯಲ್ಲಿ ತಪ್ಪು ಅಂತ ಬರೀತೀವಿ. ಇನ್ನೊಂದು ಮಾತು. ಎಂಥ ಜುಗ್ಗ ವ್ಯಾಪಾರಿಯೂ ವರ್ಷದ ಕೊನೆಗೆ ಬಾರದ ಬಾಕಿ ಅಂತ ಒಂದು ಖಾತೆ ತೆಗೆದು, ಯಾರು ಕೊಡಲಿಲ್ಲ, ಯಾಕೆ ಕೊಡಲಿಲ್ಲ ಅಂತ ಯೋಚಿಸ್ತಾನೆ. ಕಾಲೇಜಿಗೆ ಆ ಖಾತೆಯೇ ಇಲ್ಲ.

ಕಾಲಂ ಸೇರಿಸುವುದು ಕಷ್ಟ ಅನ್ನಬೇಡಿ. ಕೇರಳದವರು ತಮ್ಮ ಪಟ್ಟಿಗೆ ರಾಷ್ಟ್ರೀಯ ಪಟ್ಟಿಯಲ್ಲಿ ಇಲ್ಲದ್ದನ್ನು ಸೇರಿಸಿಕೊಂಡರು: ವೈಜ್ಞಾನಿಕ ಮನೋಭಾವ ಮತ್ತು ಜಾತ್ಯತೀತ ದೃಷ್ಟಿ. ಅದನ್ನು ಅಂಕದಲ್ಲಿ ಹೇಗೆ ಅಳೀತಾರೋ, ನನಗೆ ಅನುಮಾನವಿದೆ. ಆದರೆ ನಮಗೆ ಮುಖ್ಯವಾದದ್ದನ್ನು ನಾವೇ ಎಣಿಸ್ತೀವಿ ಅನ್ನುವ ಧೈರ್ಯ ಇದೆಯಲ್ಲ, ಅದು ಮೆಚ್ಚಬೇಕಾದ್ದು. ಮನೋಭಾವವನ್ನೇ ಅಳೆಯಲು ಹೊರಟವರಿಗೆ ಶಾಲೆಯ ಮಾಧ್ಯಮ ಬರೆದುಕೊಳ್ಳುವುದು ಏನು ಮಹಾ? ವರ್ಗಾವಣೆ ಪತ್ರದ ಜೊತೆಗೇ ಸಿಗುವ ವಿಷಯ. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತು ಮುಗಿಸಿದ ಹುಡುಗಿ ಮಲಯಾಳ, ಇಂಗ್ಲಿಷಿನ ಮಧ್ಯೆ ಕಾಲೇಜು ಮುಗಿಸಿದಳೋ ಇಲ್ಲವೋ, ಕೇರಳಕ್ಕೂ ಗೊತ್ತಾಗಲಿ. ಕನ್ನಡನಾಡಿನಲ್ಲೇ ಕನ್ನಡ ಮಾಧ್ಯಮದವನು ಯಾವ ಸೆಮಿಸ್ಟರಿನಲ್ಲಿ ಉದುರಿದ ಅಂತ ನಮಗೂ ಗೊತ್ತಾಗಲಿ. ಲಕ್ಷಕ್ಕೆ 66 ಕಾಲೇಜು, ದೇಶದಲ್ಲೇ ಹೆಚ್ಚು ಅಂತ ಆ 2021-22ರ ವರದಿ ಕರ್ನಾಟಕವನ್ನು ಹೊಗಳಿದೆ. ಬಾಗಿಲು ಎಷ್ಟು ಅನ್ನುವುದು ಸರಿ, ಒಳಗೆ ಹೋದವರು ಎಷ್ಟು ದಿನ ಇದ್ದರು?

ಈ ಮಾತನ್ನು ಸಂಘದ ಸಭೆಯಲ್ಲಿ ಎತ್ತಿದಾಗ ಹಿರಿಯ ಗೆಳೆಯರೊಬ್ಬರು, 'ಎಣಿಸೋಕೆ ಬಿಡಬೇಡ ಮಾರಾಯ, ಎಣಿಸಿದ ಕಡೆಯೆಲ್ಲ ಕನ್ನಡದ ಸಂಖ್ಯೆ ಕಡಿಮೆ ಅಂತ ವಿಭಾಗ ಮುಚ್ತಾರೆ' ಅಂದರು. ಅವರ ಭಯ ಸುಳ್ಳಲ್ಲ. ಉತ್ತರ ಹೊಳೆಯದೆ ಎರಡು ದಿನ ಸುಮ್ಮನಿದ್ದೆ. ಆಮೇಲೆ ಅನ್ನಿಸಿತು: ಮುಚ್ಚುವುದಕ್ಕೆ ಬೇಕಾದ ಎಣಿಕೆ ಹೇಗೂ ನಡೀತಾನೇ ಇದೆ, ಬೆಂಚಿನಲ್ಲಿ ಎಷ್ಟು ತಲೆ ಅಂತ. ಬೆಂಚು ಯಾಕೆ ಖಾಲಿಯಾಯಿತು ಅನ್ನುವ ಎಣಿಕೆ ಮಾತ್ರ ನಡೆದಿಲ್ಲ. ಅದನ್ನು ಬೇರೆ ಯಾರು ಮಾಡ್ತಾರೆ? ಕೊಚ್ಚಿಯ ಸಮಾವೇಶಕ್ಕೆ ಹೋದ ಪ್ರಾಧ್ಯಾಪಕರು ನಮ್ಮ ಹಾಜರಿ ಪುಸ್ತಕ ನೋಡಲು ಬರುವುದಿಲ್ಲ.

ಹಾಗಾಗಿ ನಾನೇ ಶುರು ಮಾಡಿದ್ದೇನೆ. ಒಂದು ನೂರು ಪುಟದ ನೋಟ್‌ಬುಕ್ಕು, ನಾಲ್ಕು ಕಾಲಂ: ಊರು, ಶಾಲೆಯ ಮಾಧ್ಯಮ, ಬಿಟ್ಟ ಸೆಮಿಸ್ಟರು, ಕಾರಣ. ಹೆಸರು ಬರೆಯುವುದಿಲ್ಲ. 13ರಲ್ಲಿ 5 ಮಂದಿ ಸಿಕ್ಕಿದರು. ನಾಲ್ವರು ಕನ್ನಡ ಮಾಧ್ಯಮ. ಒಬ್ಬಳಿಗೆ ಮದುವೆ, ಒಬ್ಬನಿಗೆ ಅಪ್ಪನ ಕಾಯಿಲೆ. ಅಂದರೆ ಎಲ್ಲಕ್ಕೂ ಭಾಷೆಯೇ ಕಾರಣ ಅನ್ನುವ ನನ್ನ ವಾದ ಅಲ್ಲೇ ಸ್ವಲ್ಪ ಸಡಿಲವಾಯಿತು, ಅದನ್ನೂ ಬರೆದಿಟ್ಟಿದ್ದೇನೆ. ಮಂಡಿಯ ಗೆಳೆಯ ಕಾರಣದ ಕಾಲಂ ನೋಡಿ, 'ಏನಾದ್ರೂ ಬರ್ಕೋ' ಅಂತ ನಕ್ಕು, ಗಿರಾಕಿ ಬಂದ ಅಂತ ಒಳಗೆ ಹೋದ. ಅವನ ಕಾಲಂ ಇನ್ನೂ ಖಾಲಿ ಇದೆ. ಉಳಿದ 8 ಮಂದಿಯ ವಿಳಾಸ ಗೊತ್ತಿದ್ದವರು ತಿಳಿಸಿ. ಶನಿವಾರ ಮಧ್ಯಾಹ್ನ ಸಂಘದ ಕೋಣೆಯಲ್ಲೇ ಇರ್ತೀನಿ.